ಫ್ಲೋರೈಡ್ ನೀರು, ಮಕ್ಕಳ ಬುದ್ಧಿಮತ್ತೆ: ಸಂಶೋಧನೆಯ ಉಲ್ಲೇಖಗಳಲ್ಲಿ ಮಧುಗಿರಿ ಸೀಮೆ

ಫ್ಲೋರೈಡ್ ನೀರಿನ ಬಗ್ಗೆ ವಿಜ್ಞಾನ ಪತ್ರಿಕೆಗಳಲ್ಲಿ ಎರಡು ಬಗೆಯ ಬರವಣಿಗೆ ಇದೆ. ಒಂದು ಹಲ್ಲು, ಮೂಳೆಗೆ ಸಂಬಂಧಿಸಿದ್ದು, ಇನ್ನೊಂದು ಮಿದುಳಿಗೆ. ಮೊದಲನೆಯದಕ್ಕೆ ನಮ್ಮ ನೆರೆಯ ಸೀಮೆಯೇ ತವರು. ಎರಡನೆಯದರಲ್ಲಿ ನಾವು ಬಹುಕಾಲ ಅಡಿಟಿಪ್ಪಣಿಯಾಗಿಯೇ ಉಳಿದೆವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಬಂಡೆಯ ನೆಲ, ಕೈಕೊಡುವ ಮಳೆ, ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಬೋರ್‌ವೆಲ್. ಗ್ರಾನೈಟ್ ಶಿಲೆಯ ಫ್ಲೋರೈಡ್ ನೀರಿನಲ್ಲಿ ಕರಗುತ್ತದೆ; ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಎನ್ನುವುದು ಭಾರತೀಯ ಮಾನಕ. ಪಾವಗಡದವರಿಗೆ ಈ ಲೆಕ್ಕವನ್ನು ಹೇಳಿಕೊಡಬೇಕಾಗಿಲ್ಲ. ಮಕ್ಕಳ ಹಲ್ಲಿನ ಕಂದು ಪಟ್ಟೆಯನ್ನೂ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕವನ್ನೂ ಅವರು ದಿನವೂ ನೋಡುತ್ತಾರೆ.

ಮೂಳೆಯ ಕಥೆ 1937ರಷ್ಟು ಹಳೆಯದು. ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಭಾಗದ ಫ್ಲೋರೋಸಿಸ್ ಅನ್ನು ವರದಿ ಮಾಡಿದ್ದು ಆ ವರ್ಷ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಮೊಣಕಾಲು ಒಳಬಾಗುವ ತೊಂದರೆಯ ಬಗ್ಗೆ 'ಲ್ಯಾನ್ಸೆಟ್'ನಲ್ಲಿ ಬರೆದರು. ಮಿದುಳಿನ ಪ್ರಶ್ನೆ ಎದ್ದದ್ದು ಬೇರೆ ಕಡೆ. 1995ರಲ್ಲಿ ಅಮೆರಿಕದ ಫಿಲಿಸ್ ಮಲೆನಿಕ್ಸ್ ಇಲಿಗಳ ಮೇಲಿನ ಪ್ರಯೋಗ ಪ್ರಕಟಿಸಿದರು. ಅದೇ ವರ್ಷ ಚೀನಾದ ಮಕ್ಕಳ ಬುದ್ಧಿಮತ್ತೆಯ ಅಧ್ಯಯನವೊಂದು 'ಫ್ಲೋರೈಡ್' ಪತ್ರಿಕೆಯಲ್ಲಿ ಬಂತು. 2003ರಲ್ಲಿ ಶಿಯಾಂಗ್ ಮತ್ತು ಸಂಗಡಿಗರು ಚೀನಾದ ಎರಡು ಹಳ್ಳಿಗಳ 512 ಮಕ್ಕಳನ್ನು ಹೋಲಿಸಿದರು. ನೀರಿನಲ್ಲಿ 2.47 ಮಿಲಿಗ್ರಾಂ ಫ್ಲೋರೈಡ್ ಇದ್ದ ಕಡೆ ಸರಾಸರಿ ಅಂಕ 92, 0.36 ಇದ್ದ ಕಡೆ 100.

ಚೀನಾದ ಈ ಬರಹಗಳು ಯಾರ ಕಣ್ಣಿಗೂ ಬೇಗ ಬೀಳಲಿಲ್ಲ. 'ಫ್ಲೋರೈಡ್' ಪತ್ರಿಕೆ ವೈದ್ಯರು ತಡಕಾಡುವ ಮೆಡ್‌ಲೈನ್ ಸೂಚಿಯಲ್ಲಿ ಇರಲಿಲ್ಲ; ಅನೇಕ ವರದಿಗಳು ಚೀನೀ ಭಾಷೆಯಲ್ಲಿದ್ದವು. 2012ರಲ್ಲಿ ಚೋಯ್, ಗ್ರ್ಯಾಂಡ್‌ಜಾನ್ ಮೊದಲಾದವರು 27 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದ ಮೇಲೆ ಉಲ್ಲೇಖಗಳು ಏರತೊಡಗಿದವು. ಆ ಇಪ್ಪತ್ತೇಳೂ ಚೀನಾ ಮತ್ತು ಇರಾನಿನವು. ಅಷ್ಟು ಹೊತ್ತಿಗೆ ಗುಜರಾತಿನಿಂದ ತ್ರಿವೇದಿಯವರ ಲೇಖನ (2007), ದಾವಣಗೆರೆಯಿಂದ ಈಶ್ವರ್, ನಾಗೇಶ್, ದೇವರಾಜ್ ಅವರ ಲೇಖನ (2011) ಅದೇ 'ಫ್ಲೋರೈಡ್' ಪತ್ರಿಕೆಯಲ್ಲಿ ಅಚ್ಚಾಗಿದ್ದವು.

ದಾವಣಗೆರೆ ಜಿಲ್ಲೆಯ ಹೊಳೆಸಿರಿಗೆರೆ, ಅಜ್ಜಿಹಳ್ಳಿಗಳ ಮಕ್ಕಳಲ್ಲಿ ಸಂಖ್ಯಾಶಾಸ್ತ್ರ ಒಪ್ಪುವಷ್ಟು ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಸೆಬಾಸ್ಟಿಯನ್ ಮತ್ತು ಸುನೀತಾ ಮೈಸೂರು ಜಿಲ್ಲೆಯ ಮೂರು ಹಳ್ಳಿಗಳಲ್ಲಿ ನೋಡಿದಾಗ ಫ್ಲೋರೈಡ್ ಹೆಚ್ಚಿದ್ದ ಕಡೆ ಅಂಕ ತಗ್ಗಿತ್ತು. ಎರಡೂ ಕಡೆ ಬಳಸಿದ್ದು ರೇವನ್ ಪರೀಕ್ಷೆ: ಚಿತ್ರವಿನ್ಯಾಸದಲ್ಲಿ ಒಂದು ತುಂಡು ಕಾಣೆಯಾಗಿರುತ್ತದೆ, ಕೆಳಗಿನ ಆಯ್ಕೆಗಳಲ್ಲಿ ಸರಿಹೊಂದುವುದನ್ನು ಮಗು ಬೆರಳಿಟ್ಟು ತೋರಿಸಬೇಕು. ಭಾಷೆ ಬೇಡದ ಪರೀಕ್ಷೆ ಎಂಬುದು ಇದರ ಹೆಗ್ಗಳಿಕೆ. ಆದರೆ ರಕ್ತಹೀನತೆ, ಬಡತನ, ಮೇಷ್ಟ್ರಿಲ್ಲದ ಶಾಲೆ ಇವೂ ಅದೇ ಅಂಕದಲ್ಲಿ ಅಡಗಿ ಕೂತಿರುತ್ತವೆ. ಒಂದೇ ಸಲ ಹಳ್ಳಿಗೆ ಹೋಗಿ ಅಳೆದು ಬಂದರೆ ಅವನ್ನು ಬಿಡಿಸಿ ನೋಡಲಾಗದು.

ಹೀಗಾಗಿ ತೂಕ ಬಂದದ್ದು ಗರ್ಭಿಣಿಯರಿಂದಲೇ ಶುರುಮಾಡಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಿಗೆ. 2017ರಲ್ಲಿ ಮೆಕ್ಸಿಕೊ, 2019ರಲ್ಲಿ ಕೆನಡಾ. ತಾಯಿಯ ಮೂತ್ರದ ಫ್ಲೋರೈಡ್ ಏರಿದಂತೆ ಮೆಕ್ಸಿಕೊದ ಮಕ್ಕಳಲ್ಲೂ, ಕೆನಡಾದಲ್ಲಿ ಗಂಡುಮಕ್ಕಳಲ್ಲೂ ಅಂಕ ಇಳಿದಿತ್ತು. ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನಕ್ಕೆ (2015) ಅಂಥ ನಂಟು ಕಾಣಲಿಲ್ಲ. ಅಲ್ಲಿಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. 1.5 ಮಿಲಿಗ್ರಾಂ ಮೀರಿದ ನೀರಿಗೂ ಕಡಿಮೆ ಬುದ್ಧಿಮತ್ತೆಗೂ ನಂಟಿದೆ ಎಂದು 'ಮಧ್ಯಮ ವಿಶ್ವಾಸ'ದಿಂದ ಹೇಳಬಹುದೆಂದು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ತೀರ್ಮಾನಿಸಿತು. 2025ರ 'ಜಾಮಾ ಪೀಡಿಯಾಟ್ರಿಕ್ಸ್' ವಿಶ್ಲೇಷಣೆಯ 74 ಅಧ್ಯಯನಗಳಲ್ಲಿ ಚೀನಾದವು 45, ಭಾರತದವು 12. ಒಟ್ಟಾರೆ 52 ಅಧ್ಯಯನಗಳಲ್ಲಿ ಪೂರ್ವಗ್ರಹದ ಸಾಧ್ಯತೆ ಹೆಚ್ಚು ಎಂದು ಅದೇ ಲೇಖನ ಹೇಳುತ್ತದೆ. ಉಲ್ಲೇಖಗಳ ಎಣಿಕೆ ಸಾಕ್ಷ್ಯದ ತೂಕವಲ್ಲವೆಂಬುದಕ್ಕೆ ಇನ್ನೇನು ಬೇಕು?

ಮಧುಗಿರಿ ಸೀಮೆಯ ಮಹತ್ವ ಇರುವುದು ಇಲ್ಲಿಯೇ. ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಪಾವಗಡದ ಹಳ್ಳಿಗಳಿಗೂ ಸೇರಿದೆ. ಬೋರ್ ನೀರು ಕುಡಿದ ತಾಯಂದಿರ ಮಕ್ಕಳು, ನದಿ ನೀರು ಬಂದ ಮೇಲೆ ಹುಟ್ಟುವ ಮಕ್ಕಳು ಒಂದೇ ಊರಿನವರು, ಒಂದೇ ಅಂಗನವಾಡಿಯವರು. ಎರಡು ಊರುಗಳನ್ನು ಹೋಲಿಸುವಾಗಿನ ಎಷ್ಟೋ ಗೊಂದಲ ಇಲ್ಲಿರುವುದಿಲ್ಲ. ನಿಮ್ಹಾನ್ಸ್ ಮತ್ತು ತುಮಕೂರು ವಿಶ್ವವಿದ್ಯಾನಿಲಯ ಆರೋಗ್ಯ ಇಲಾಖೆಯ ಜೊತೆಗೂಡಿ ಗರ್ಭಿಣಿಯರ ಮೂತ್ರ ಪರೀಕ್ಷೆಯಿಂದಲೇ ಇಂಥದೊಂದು ಅಧ್ಯಯನ ಶುರುಮಾಡಲಿ. ನೀರು ಪೂರ್ತಿ ಬದಲಾದ ಮೇಲೆ ಹೋಲಿಸಲು ಹಳೆಯ ಅಳತೆ ಸಿಗುವುದಿಲ್ಲ.