ಹತ್ತೋ ಹನ್ನೆರಡೋ: ಸಮ್ಮತಿ ವಯಸ್ಸಿನ ವಾದ ನಡೆದ ಬಗೆ

1887ರ ಮಾರ್ಚ್ 4ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಫ್ಯಾರನ್ ಅವರು ರುಕ್ಮಾಬಾಯಿ ಎಂಬ 22 ವರ್ಷದ ಹೆಣ್ಣುಮಗಳಿಗೆ ಒಂದು ಆದೇಶ ಕೊಟ್ಟರು: ತಿಂಗಳೊಳಗೆ ಗಂಡನ ಮನೆಗೆ ಹೋಗಿ ಸಂಸಾರ ಮಾಡಬೇಕು, ಇಲ್ಲವಾದರೆ ಆರು ತಿಂಗಳ ಸೆರೆವಾಸ. ರುಕ್ಮಾಬಾಯಿ ಸೆರೆಮನೆಗೆ ಹೋಗಲು ಸಿದ್ಧ ಎಂದರು.

ಮುಂಬೈಯ ಸುತಾರ ಸಮುದಾಯದ ರುಕ್ಮಾಬಾಯಿಗೆ 11ನೇ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬ 19 ವರ್ಷದ ಹುಡುಗನೊಂದಿಗೆ ಮದುವೆಯಾಗಿತ್ತು. ಮದುವೆಯ ನಂತರವೂ ಆಕೆ ತಾಯಿಯ ಮನೆಯಲ್ಲೇ ಉಳಿದರು. ಮಲತಂದೆ ಡಾ. ಸಖಾರಾಮ ಅರ್ಜುನ್ ಅವರ ಬೆಂಬಲದಿಂದ ಓದು ಬರಹ ಕಲಿತರು. 1884ರಲ್ಲಿ ದಾದಾಜಿ ಹೆಂಡತಿಯನ್ನು ಕಳಿಸಿಕೊಡಿ ಎಂದು ನ್ಯಾಯಾಲಯಕ್ಕೆ ಹೋದ. ಆಕೆಯ ಉತ್ತರ ಸರಳವಾಗಿತ್ತು: ಬುದ್ಧಿ ತಿಳಿಯದ ವಯಸ್ಸಿನಲ್ಲಿ, ನನ್ನನ್ನು ಕೇಳದೆ ಮಾಡಿದ ಮದುವೆ ನನ್ನನ್ನು ಕಟ್ಟಿಹಾಕಲಾರದು.

1885ರಲ್ಲಿ ನ್ಯಾಯಮೂರ್ತಿ ಪಿನ್ಹಿ ಆಕೆಯ ಪರ ತೀರ್ಪು ಕೊಟ್ಟಿದ್ದರು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಪಿನ್ಹಿಯವರು ಗುರುತಿಸಿದ ಒಂದು ಸಂಗತಿ ಮಾತ್ರ ಮುಖ್ಯ. 'ದಾಂಪತ್ಯ ಹಕ್ಕುಗಳ ಮರುಸ್ಥಾಪನೆ' ಎಂಬ ಈ ದಾವೆ ಹಿಂದೂ ಧರ್ಮಶಾಸ್ತ್ರದಿಂದ ಬಂದದ್ದಲ್ಲ. ಅದು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ ಬಂದದ್ದು. ಇಂಗ್ಲೆಂಡಿನಲ್ಲೇ 1884ರ ಕಾಯ್ದೆ ಇಂಥ ಆದೇಶ ಮೀರಿದವರನ್ನು ಜೈಲಿಗೆ ಹಾಕುವ ಪದ್ಧತಿಯನ್ನು ತೆಗೆದುಹಾಕಿತ್ತು. ಆದರೂ ಪುಣೆ, ಮುಂಬೈಗಳ ಸಂಪ್ರದಾಯಸ್ಥ ಪತ್ರಿಕೆಗಳು ಗಂಡನ ಈ ಹಕ್ಕನ್ನು ಹಿಂದೂ ಧರ್ಮದ ಹಕ್ಕೆಂದೇ ಎತ್ತಿಹಿಡಿದವು. ಬಾಲಗಂಗಾಧರ ಟಿಳಕರೂ ದಾದಾಜಿಯ ಪರವಾಗಿ ಬರೆದರು. ಅತ್ತ ನಮ್ಮ ಕಾರ್ಕಳದ ಮಾಳದ ಬಳಿಯ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಆಗ ಅಮೆರಿಕದಲ್ಲಿದ್ದವರು, ಅದೇ 1887ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ರುಕ್ಮಾಬಾಯಿಯ ಪರ ನಿಂತರು.

ರುಕ್ಮಾಬಾಯಿ ಜೈಲಿಗೆ ಹೋಗಲಿಲ್ಲ. 1888ರಲ್ಲಿ ದಾದಾಜಿ 2,000 ರೂಪಾಯಿ ಪಡೆದು ರಾಜಿಯಾದ. ಮರುವರ್ಷ ಆಕೆ ವೈದ್ಯಕೀಯ ಓದಲು ಲಂಡನ್ನಿಗೆ ಹೊರಟರು. ಆಕೆ ಎತ್ತಿದ ಪ್ರಶ್ನೆ ಮಾತ್ರ ಇಲ್ಲಿ ಉಳಿಯಿತು. ಅದು ಸಮ್ಮತಿಯ ಪ್ರಶ್ನೆ. ಮುಂದಿನ ಮೂರು ವರ್ಷಗಳಲ್ಲಿ ದೇಶ ಆ ಹೆಸರಿನ ಮಸೂದೆಯೊಂದರ ಮೇಲೆಯೇ ಕಾದಾಡಿತು. ಆದರೆ ಆ ಕಾದಾಟದಲ್ಲಿ ಸಮ್ಮತಿಯ ಬಗ್ಗೆ ಮಾತಾಡಿದವರು ಬಹಳ ಕಡಿಮೆ. ಒಂದು ಸಾಮಾಜಿಕ ವಾದ ತನ್ನ ವಿಷಯದಿಂದ ಹೇಗೆ ಜಾರಿಹೋಗುತ್ತದೆ ಎಂದು ನೋಡಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಆಧುನಿಕ ಚರಿತ್ರೆಯಲ್ಲಿ ವಿರಳ.

ವಾದಕ್ಕೆ ಕಿಡಿ ಹಚ್ಚಿದವರು ಬೆಹ್ರಾಮ್‌ಜಿ ಮಲಬಾರಿ ಎಂಬ ಪಾರ್ಸಿ ಪತ್ರಕರ್ತರು. ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯ ಕುರಿತು ಅವರು 1884ರಲ್ಲಿ ಎರಡು ಟಿಪ್ಪಣಿ ಬರೆದು ಸರ್ಕಾರಕ್ಕೂ ಗಣ್ಯರಿಗೂ ಕಳಿಸಿದರು. ಸರ್ಕಾರ ದೇಶದೆಲ್ಲೆಡೆಯಿಂದ ಅಭಿಪ್ರಾಯ ತರಿಸಿಕೊಂಡು, ಕಡೆಗೆ 1886ರಲ್ಲಿ ಕೈ ಹಾಕುವುದಿಲ್ಲ ಎಂದು ಸುಮ್ಮನಾಯಿತು. ಹಿಂದೂಗಳ ಮನೆಯ ವಿಷಯದಲ್ಲಿ ಪಾರ್ಸಿಗೇನು ಕೆಲಸ ಎಂಬ ಮಾತು ಆಗಲೇ ಕೇಳಿಬಂದಿತ್ತು. ಅಂದರೆ ಟಿಪ್ಪಣಿಯಲ್ಲಿ ಏನಿದೆ ಎನ್ನುವುದಕ್ಕಿಂತ ಅದನ್ನು ಬರೆದವರು ಯಾರು ಎನ್ನುವುದು ಮುಂದೆ ಬಂದಿತ್ತು.

1890ರಲ್ಲಿ ಕಲ್ಕತ್ತೆಯಲ್ಲಿ ನಡೆದ ಒಂದು ಸಾವು ಸರ್ಕಾರ ಸುಮ್ಮನಿರದಂತೆ ಮಾಡಿತು. ಫೂಲ್‌ಮಣಿ ದಾಸಿ ಎಂಬ ಹತ್ತು ಹನ್ನೊಂದು ವರ್ಷದ ಬಾಲೆ ಗಂಡನ ಬಲಾತ್ಕಾರದಿಂದ ಸತ್ತಳು. ಗಂಡ ಹರಿಮೋಹನ ಮೈತಿಗೆ 35 ವರ್ಷ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಸಮ್ಮತಿಯ ವಯಸ್ಸು ಹತ್ತು. ಹುಡುಗಿ ಹತ್ತು ದಾಟಿದ್ದಳು, ಮೇಲಾಗಿ ಅವನ ಹೆಂಡತಿ. ಆದ್ದರಿಂದ ಅದು ಅತ್ಯಾಚಾರವಾಗಲಿಲ್ಲ. ಕಡಿಮೆ ತೂಕದ ಅಪರಾಧಕ್ಕೆ ಅವನಿಗೆ ಒಂದು ವರ್ಷ ಕಠಿಣ ಶಿಕ್ಷೆಯಾಯಿತು. ಅದೇ ವರ್ಷ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಐವತ್ತಕ್ಕೂ ಹೆಚ್ಚು ಮಹಿಳಾ ವೈದ್ಯರು, ತಾವು ಕಣ್ಣಾರೆ ಕಂಡ ಬಾಲಪತ್ನಿಯರ ಗಾಯ, ಸಾವುಗಳನ್ನು ಪಟ್ಟಿ ಮಾಡಿ ವೈಸರಾಯರಿಗೆ ಮನವಿ ಸಲ್ಲಿಸಿದರು.

1891ರ ಜನವರಿ 9ರಂದು ಆಂಡ್ರೂ ಸ್ಕೋಬಲ್ ಮಸೂದೆ ಮಂಡಿಸಿದರು. ಅದರ ತಿರುಳು ಇಷ್ಟೇ: ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವುದು. ಮದುವೆಯ ವಯಸ್ಸನ್ನು ಅದು ಮುಟ್ಟಲಿಲ್ಲ. ಎಂಟು ವರ್ಷದವಳಿಗೆ ಮದುವೆ ಮಾಡಲು ಅಡ್ಡಿಯಿರಲಿಲ್ಲ. ಗಂಡ ಹನ್ನೆರಡರವರೆಗೆ ಕಾಯಬೇಕು, ಅಷ್ಟೆ.

ಇಷ್ಟಕ್ಕೇ ಕಲ್ಕತ್ತೆಯ ಮೈದಾನದಲ್ಲಿ ಭಾರಿ ಸಭೆ ಸೇರಿತು. 'ಬಂಗಬಾಸಿ' ಪತ್ರಿಕೆಯ ಬರಹಗಳು ಎಷ್ಟು ಖಾರವಾಗಿದ್ದವೆಂದರೆ ಸರ್ಕಾರ ಅದರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿತು. ಈ ದೇಶದ ಮೊದಲ ರಾಜದ್ರೋಹ ಪ್ರಕರಣ ಅದೇ. ಪುಣೆಯಲ್ಲಿ ಸುಧಾರಕರ ಸಭೆಗೆ ಗಲಭೆ ನುಗ್ಗಿತು. 'ಕೇಸರಿ' ಬಿಟ್ಟು 'ಸುಧಾರಕ' ಪತ್ರಿಕೆ ಕಟ್ಟಿದ ಗೋಪಾಳ ಗಣೇಶ ಆಗರಕರರು ಬದುಕಿರುವಾಗಲೇ ಅವರ ಅಣಕು ಶವಯಾತ್ರೆ ಪುಣೆಯ ಬೀದಿಗಳಲ್ಲಿ ಹೊರಟಿತು.

ವಿರೋಧಿಗಳ ವಾದದಲ್ಲಿ ಎರಡು ಎಳೆಗಳಿದ್ದವು. ಒಂದು ಶಾಸ್ತ್ರದ್ದು. ಹುಡುಗಿ ಮೈನೆರೆದ ಕೂಡಲೇ ಗರ್ಭಾಧಾನ ಸಂಸ್ಕಾರ ನಡೆಯಬೇಕು, ಹನ್ನೆರಡಕ್ಕೆ ಮೊದಲೇ ಮೈನೆರೆದರೆ ಕಾನೂನು ಧರ್ಮಕ್ಕೆ ಅಡ್ಡ ಬರುತ್ತದೆ ಎಂಬುದು. ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಳ ಭಾಂಡಾರಕರರು ಶಾಸ್ತ್ರಗ್ರಂಥಗಳನ್ನೇ ಮುಂದಿಟ್ಟು, ಸಂಸ್ಕಾರವನ್ನು ಮುಂದೂಡಿದರೆ ದೋಷವಿಲ್ಲ ಎಂದರು. ಟಿಳಕರು ಅದನ್ನು ಖಂಡಿಸಿದರು. ಇಬ್ಬರೂ ದೊಡ್ಡ ಪಂಡಿತರು, ವಾದ ವಚನಗಳ ಅರ್ಥದ ಮೇಲೆ ನಡೆಯಿತು. ಅಷ್ಟರಲ್ಲಿ ಮಹಿಳಾ ವೈದ್ಯರ ಪಟ್ಟಿ ಹಿಂದೆ ಸರಿದಿತ್ತು.

ಇನ್ನೊಂದು ಎಳೆ ರಾಜಕೀಯದ್ದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಮನೆಯನ್ನು ತಿದ್ದುವ ಅಧಿಕಾರವನ್ನು ಪರಕೀಯ ಸರ್ಕಾರಕ್ಕೆ ಕೊಡಬಾರದು ಎಂದು ಟಿಳಕರು ಹೇಳಿದರು. ಅವರು ಬಾಲ್ಯವಿವಾಹವನ್ನು ಒಳ್ಳೆಯದೆಂದವರಲ್ಲ. ಹೆಣ್ಣಿಗೆ 16, ಗಂಡಿಗೆ 20 ಆಗುವ ತನಕ ಮದುವೆ ಮಾಡುವುದಿಲ್ಲ ಎಂದು ಸುಧಾರಕರು ತಾವಾಗಿ ಕಟ್ಟುಪಾಡು ಹಾಕಿಕೊಳ್ಳಲಿ, ಕಾನೂನು ಬೇಡ ಎಂದು 1890ರಲ್ಲೇ ಸೂಚಿಸಿದ್ದರು. ಸಂಖ್ಯೆ ನೋಡಿದರೆ ಇದು ಮಸೂದೆಗಿಂತ ಮುಂದಿತ್ತು. ಆದರೆ ಕಟ್ಟುಪಾಡು ಒಪ್ಪದವನ ಮನೆಯ ಹುಡುಗಿಯನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಫೂಲ್‌ಮಣಿಯ ಗಂಡ ಯಾವ ಪ್ರತಿಜ್ಞಾಪತ್ರಕ್ಕೂ ಸಹಿ ಹಾಕುವವನಾಗಿರಲಿಲ್ಲ.

ಮಾರ್ಚ್ 19ರಂದು ಮಸೂದೆ ಕಾನೂನಾಯಿತು. ಆದರೆ ಗಲಾಟೆಗೆ ಬೆದರಿದ ಸರ್ಕಾರ, ಮೊಕದ್ದಮೆ ಹೂಡುವಾಗ ಬಹಳ ಎಚ್ಚರದಿಂದಿರಿ ಎಂದು ತನ್ನ ಅಧಿಕಾರಿಗಳಿಗೆ ಸುತ್ತೋಲೆ ಕಳಿಸಿತು. 1895ರ ಪುಣೆ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ರಾನಡೆಯವರ ಸಾಮಾಜಿಕ ಪರಿಷತ್ತಿಗೆ ಕಾಂಗ್ರೆಸ್ಸಿನ ಚಪ್ಪರವೂ ಸಿಗಲಿಲ್ಲ.

ಪರಕೀಯ ಸರ್ಕಾರ ಎಂಬ ಆಕ್ಷೇಪ ನಿಜಕ್ಕೂ ಎಷ್ಟು ತೂಗುತ್ತದೆ ಎಂದು ಅಳೆಯಲು ನಮ್ಮ ಬಳಿ ಒಂದು ತಕ್ಕಡಿ ಇದೆ: ಮೈಸೂರು. ಅಲ್ಲಿ 1881ರಿಂದ ಆಳ್ವಿಕೆ ಮತ್ತೆ ಒಡೆಯರ ಕೈಗೆ ಬಂದಿತ್ತು. ಚಾಮರಾಜೇಂದ್ರ ಒಡೆಯರು ಮಹಾರಾಜರು, ಶೇಷಾದ್ರಿ ಅಯ್ಯರ್ ದಿವಾನರು. ಇಬ್ಬರೂ ಹಿಂದೂಗಳೇ, ದಿವಾನರಂತೂ ಬ್ರಾಹ್ಮಣರು. ಆ ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆ ಕಾಯ್ದೆ ತಂದಿತು. ಬ್ರಿಟಿಷರು ಮುಟ್ಟಲು ಅಂಜಿದ ಮದುವೆಯನ್ನೇ ಅದು ನೇರವಾಗಿ ಮುಟ್ಟಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಅಪರಾಧವಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಬ್ರಿಟಿಷ್ ಭಾರತ ಮದುವೆಯ ವಯಸ್ಸಿಗೆ ಕಾನೂನು ಮಾಡುವುದಕ್ಕೆ 35 ವರ್ಷ ಮೊದಲು.

ಇದನ್ನು ಹೆಮ್ಮೆಯಿಂದ ನೆನೆಯಬಹುದು. ಜೊತೆಗೆ ಆ ಎಂಟು ಎಂಬ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ನಮ್ಮವರದೇ ಸರ್ಕಾರ, ಪರಕೀಯರ ಮಾತೇ ಇಲ್ಲ, ಆದರೂ ಕಾನೂನು ಎಂಟಕ್ಕಿಂತ ಮೇಲೆ ಹೋಗಲಿಲ್ಲ. ಟಿಳಕರ ಆಕ್ಷೇಪ ಪೂರ್ತಿ ಸರಿಯಾಗಿದ್ದಿದ್ದರೆ ಮೈಸೂರಿನಲ್ಲಿ ದಾರಿ ಸಲೀಸಾಗಿರಬೇಕಿತ್ತು. ಆಳುವವರು ನಮ್ಮವರಾದಾಗ ಒಂದು ಅಡ್ಡಿ ಹೋಯಿತು, ಆದರೆ ಮನೆಯೊಳಗಿನ ಅಡ್ಡಿ ಹಾಗೇ ಇತ್ತು.

1920ರ ದಶಕದಲ್ಲಿ ವಾದದ ಬಣ್ಣ ಬದಲಾಗಲು ಕಾರಣ, ಮಾತಾಡುವವರು ಬದಲಾದದ್ದು. 1927ರ ಜನವರಿಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಮೊದಲ ಸಲ ಸೇರಿತು, ಅದೂ ಪುಣೆಯಲ್ಲೇ. ಮದ್ರಾಸಿನ ಶಾಸನ ಪರಿಷತ್ತಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಬಾಲ್ಯವಿವಾಹದ ವಿರುದ್ಧ ದನಿ ಎತ್ತಿದರು. 1928ರಲ್ಲಿ ನೇಮಕವಾದ ಜೋಶಿ ಸಮಿತಿಯಲ್ಲಿ ರಾಮೇಶ್ವರಿ ನೆಹರೂ ಸದಸ್ಯರಾಗಿದ್ದರು, ಹೆಂಗಸರೂ ಬಂದು ಸಾಕ್ಷಿ ಹೇಳಿದರು. 1929ರ ಶಾರದಾ ಕಾಯ್ದೆ ಹೆಣ್ಣಿಗೆ 14, ಗಂಡಿಗೆ 18 ಎಂದು ಗೊತ್ತುಮಾಡಿತು. ಆಳುವವರು ಆಗಲೂ ಬ್ರಿಟಿಷರೇ. ಆದರೆ ಮಸೂದೆ ತಂದ ಹರ್‌ಬಿಲಾಸ್ ಶಾರದಾ ಭಾರತೀಯರು, ಅದನ್ನು ಕೇಳಿದವರಲ್ಲಿ ಆ ನೋವನ್ನು ಬಲ್ಲವರಿದ್ದರು.

ಇಷ್ಟಾಗಿಯೂ ರುಕ್ಮಾಬಾಯಿಯ ಮೂಲ ಪ್ರಶ್ನೆ ಏನಾಯಿತು? ಆಕೆ ಕೇಳಿದ್ದು ವಯಸ್ಸನ್ನಲ್ಲ, ಒಪ್ಪಿಗೆಯನ್ನು. ನ್ಯಾಯಾಲಯದಲ್ಲಿ ನಿಂತಾಗ ಆಕೆ ಬಾಲೆಯಾಗಿರಲಿಲ್ಲ, ವಯಸ್ಕ ಹೆಂಗಸು. ಕಾನೂನು ಮಾತ್ರ ಪ್ರತಿ ಸಲವೂ ಒಂದು ಸಂಖ್ಯೆಯನ್ನು ಏರಿಸಿ ಮುಂದೆ ನಡೆಯಿತು. ದಂಡ ಸಂಹಿತೆಯಲ್ಲಿ ಹೆಂಡತಿಯ ಮಟ್ಟಿಗೆ ಹತ್ತು ಹನ್ನೆರಡಾಯಿತು, 1925ರಲ್ಲಿ 13, 1949ರಲ್ಲಿ 15, ಸುಪ್ರೀಂ ಕೋರ್ಟಿನ 2017ರ ತೀರ್ಪಿನಿಂದ 18. ಆ ವಯಸ್ಸು ದಾಟಿದ ಹೆಂಡತಿಯ ಮೇಲೆ ಗಂಡ ಎಸಗುವುದು ಅತ್ಯಾಚಾರವಲ್ಲ ಎಂಬ ವಿನಾಯಿತಿ 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದುಕೊಂಡಿದೆ. ದಾದಾಜಿ ಹೂಡಿದ ಬಗೆಯ ದಾವೆಯೂ 1955ರ ಹಿಂದೂ ವಿವಾಹ ಕಾಯ್ದೆಯ 9ನೇ ಕಲಮಾಗಿ ಹಾಗೇ ಇದೆ. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಅದನ್ನು ಸಂವಿಧಾನಬಾಹಿರ ಎಂದಿತು, ಮರುವರ್ಷ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಇವತ್ತು ಈ ವಿನಾಯಿತಿಯ ಬಗ್ಗೆ ವಾದ ಎದ್ದಾಗ ಗಮನಿಸಿ. ಕುಟುಂಬ ವ್ಯವಸ್ಥೆ ಏನಾದೀತು, ಇದು ಪಾಶ್ಚಾತ್ಯ ಕಲ್ಪನೆಯಲ್ಲವೇ, ತೀರ್ಮಾನಿಸಬೇಕಾದದ್ದು ನ್ಯಾಯಾಲಯವೋ ಸಂಸತ್ತೋ ಎಂಬ ಪ್ರಶ್ನೆಗಳು ಬೇಗ ಬರುತ್ತವೆ. ಇವು ಕೇಳಲೇಬಾರದ ಪ್ರಶ್ನೆಗಳಲ್ಲ. 1891ರಲ್ಲೂ ಇಂಥವೇ ಇದ್ದವು, ಅವುಗಳಲ್ಲಿ ಕೆಲವು ನ್ಯಾಯವಾದವೂ ಆಗಿದ್ದವು. ಆದರೆ ಯಾರು ತಿದ್ದಬೇಕು ಎಂಬ ಮಾತು ಶುರುವಾದೊಡನೆ, ಏನು ನಡೆಯುತ್ತಿದೆ ಎಂಬ ಮಾತು ಕೈಬಿಟ್ಟುಹೋಗಿತ್ತು. ಎರಡನ್ನೂ ಬೇರೆ ಬೇರೆಯಾಗಿ, ಎರಡನೆಯದನ್ನು ಮೊದಲು ಕೇಳಬೇಕಿತ್ತು.

ಡಾ. ರುಕ್ಮಾಬಾಯಿ ಲಂಡನ್ನಿನಿಂದ ವೈದ್ಯರಾಗಿ ಮರಳಿ, ಸೂರತ್ ಮತ್ತು ರಾಜಕೋಟೆಯ ಮಹಿಳಾ ಆಸ್ಪತ್ರೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದರು. ಅವರು ತೀರಿಕೊಂಡದ್ದು 1955ರ ಸೆಪ್ಟೆಂಬರಿನಲ್ಲಿ, 90ನೇ ವಯಸ್ಸಿನಲ್ಲಿ. ಅವರನ್ನು ಜೈಲಿನ ಬಾಗಿಲ ತನಕ ಒಯ್ದಿದ್ದ ದಾವೆಯನ್ನು ಸ್ವತಂತ್ರ ಭಾರತದ ಸಂಸತ್ತು 9ನೇ ಕಲಮಿನಲ್ಲಿ ಸೇರಿಸಿ ಆಗ ನಾಲ್ಕು ತಿಂಗಳಾಗಿತ್ತು.