ಬೆಕ್ಕಿನ ಮರಿ ನೀರಿನ ಬಟ್ಟಲಲ್ಲಿ ಆಟವಾಡಿದರೆ ಬಟ್ಟಲು ಎತ್ತಿಡಬೇಕೇ?

ಕುಡಿಯಲು ಇಟ್ಟ ನೀರಿಗೆ ಮುಂಗಾಲು ಅದ್ದುವುದು, ನೀರು ಎರಚುವುದು, ಕೊನೆಗೆ ಬಟ್ಟಲನ್ನೇ ಮಗುಚಿ ಹಾಕುವುದು. ಬೆಕ್ಕಿನ ಮರಿ ಸಾಕಿದವರಿಗೆ ಇದು ಹೊಸದಲ್ಲ. ದಿನಕ್ಕೆ ನಾಲ್ಕು ಸಲ ನೆಲ ಒರೆಸಿ ಬೇಸತ್ತವರಿಗೆ ಸಲಹೆಗಳಿಗೂ ಬರವಿಲ್ಲ. ನೀರು ಎತ್ತಿಡಿ, ಹಾಲು ಕೊಟ್ಟರೆ ಸಾಕು ಎನ್ನುತ್ತಾರೆ ಕೆಲವರು. ಮುಖಕ್ಕೆ ನೀರು ಚಿಮುಕಿಸಿದರೆ ಬುದ್ಧಿ ಬರುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಇವು ಎಷ್ಟು ಸರಿ? ನೋಡೋಣ.

ಮರಿ ಹೀಗೇಕೆ ಮಾಡುತ್ತದೆ?

ಮುಖ್ಯ ಕಾರಣ ಆಟ. ಬೆಕ್ಕು ಬೇಟೆಗಾರ ಪ್ರಾಣಿ. ಅಲುಗುವ, ಹೊಳೆಯುವ ಯಾವುದನ್ನು ಕಂಡರೂ ಕಾಲಿನಿಂದ ತಟ್ಟಿ ನೋಡುತ್ತದೆ. ಜೊತೆಗೆ, ಮುಖದಿಂದ ಸುಮಾರು 25 ಸೆಂ.ಮೀ. ಒಳಗಿರುವುದು ಬೆಕ್ಕಿನ ಕಣ್ಣಿಗೆ ಮಸುಕಾಗಿಯೇ ಕಾಣುತ್ತದೆ. ಅಲುಗದೆ ನಿಂತ ನೀರು ಎಲ್ಲಿಯವರೆಗಿದೆ ಎಂದು ತಿಳಿಯಲು ಕಾಲು ಅದ್ದಿ ನೋಡುವುದೂ ಇರಬಹುದು. ‘ಬೆಕ್ಕಿಗೆ ನೀರೆಂದರೆ ಆಗದು’ ಎಂಬುದು ಅರ್ಧ ಸತ್ಯ. ಮೈ ನೆನೆಯುವುದು ಬಹಳಷ್ಟು ಬೆಕ್ಕುಗಳಿಗೆ ಇಷ್ಟವಿಲ್ಲ, ಕಾಲು ನೆನೆದರೆ ಅನೇಕ ಮರಿಗಳಿಗೆ ತಕರಾರಿಲ್ಲ.

ನೀರು ಎತ್ತಿಟ್ಟು ಹಾಲು ಕೊಡಬಹುದೇ?

ಬೇಡ. ಒಣ ಆಹಾರದಲ್ಲಿ ನೀರಿನ ಅಂಶ ಸುಮಾರು ಶೇ. 10 ಮಾತ್ರ. ಅದನ್ನೇ ತಿನ್ನುವ ಮರಿಗೆ ಬಟ್ಟಲಿನ ನೀರೇ ಆಧಾರ. ಇನ್ನು ತಾಯಿಹಾಲು ಬಿಟ್ಟ ಮೇಲೆ ಬಹುತೇಕ ಬೆಕ್ಕುಗಳಲ್ಲಿ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಕುಗ್ಗುತ್ತದೆ. ಹಸುವಿನ ಹಾಲು ಭೇದಿ ತರಿಸಬಹುದು, ಭೇದಿಯಾದರೆ ಮೈಯಲ್ಲಿರುವ ನೀರೂ ಹೋಗುತ್ತದೆ.

ನೀರು ಚಿಮುಕಿಸಿದರೆ?

ಮರಿ ಕಲಿಯುವುದು ಭಯವನ್ನೇ. ನಿಮ್ಮನ್ನು ಕಂಡರೆ ಅಥವಾ ಬಟ್ಟಲನ್ನು ಕಂಡರೆ ಹೆದರಿ ದೂರ ಸರಿಯಬಹುದು.

ಹಾಗಾದರೆ ಏನು ಮಾಡಬೇಕು?

- ತಳ ಅಗಲವಿರುವ, ಭಾರವಾದ ಪಿಂಗಾಣಿ ಅಥವಾ ಸ್ಟೀಲ್ ಬಟ್ಟಲು ಇಡಿ. ಕೆಳಗೆ ಅಂಚಿರುವ ತಟ್ಟೆ ಇರಲಿ.
- ಒಂದರ ಬದಲು ಎರಡು ಕಡೆ ನೀರಿಡಿ. ಒಂದು ಚೆಲ್ಲಿದರೂ ಇನ್ನೊಂದು ಉಳಿಯುತ್ತದೆ. ಊಟದ ತಟ್ಟೆ, ಲಿಟರ್ ಟ್ರೇ ಎರಡರಿಂದಲೂ ದೂರವಿರಲಿ.
- ನೀರನ್ನು ದಿನವೂ ಬದಲಿಸಿ.
- ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಮರಿಯೊಂದಿಗೆ ಆಡಿ. ನೀರಿನ ಆಟವೇ ಬೇಕೆಂದರೆ ಅಗಲ ತಟ್ಟೆಯಲ್ಲಿ ಬೆರಳಗಲ ನೀರು ಹಾಕಿ ಒಂದು ಟೇಬಲ್ ಟೆನಿಸ್ ಚೆಂಡು ಬಿಡಿ. ನೀವು ಹತ್ತಿರವೇ ಇರಿ.
- ಬಚ್ಚಲುಮನೆಯ ಬಕೆಟ್, ಡ್ರಮ್‌ಗಳನ್ನು ಮುಚ್ಚಿಡಿ. ನೀರಿನ ಆಸೆಗೆ ಇಣುಕಿದ ಮರಿ ಒಳಗೆ ಬಿದ್ದರೆ ಹತ್ತಿ ಬರಲಾರದು.

ನೆಲ ಒರೆಸುವಾಗ ಎಚ್ಚರ

ಚೆಲ್ಲಿದ ನೀರನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಅಲ್ಲಿಗೆ ಫಿನಾಯಿಲ್ ಹಾಕಬೇಡಿ. ಹಲವು ಫಿನಾಯಿಲ್‌ಗಳಲ್ಲಿರುವ ಫೀನಾಲ್ ಬಗೆಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ನಮ್ಮದರಷ್ಟು ಚೆನ್ನಾಗಿ ಹೊರಹಾಕಲಾರದು. ಒದ್ದೆ ನೆಲದ ಮೇಲೆ ನಡೆದ ಮರಿ ಆಮೇಲೆ ಕಾಲು ನೆಕ್ಕಿಕೊಂಡರೆ ವಿಷ ಹೊಟ್ಟೆ ಸೇರುತ್ತದೆ.

ಯಾವಾಗ ಇದು ಆಟವಲ್ಲ?

ಎರಚಿ, ಓಡಿ, ಮತ್ತೆ ಬರುವ ಮರಿ ಆಡುತ್ತಿದೆ ಎಂದೇ ಅರ್ಥ. ಬಟ್ಟಲಿನ ಮೇಲೆ ತಲೆ ಬಾಗಿಸಿ, ಕುಡಿಯದೆ, ಮಂಕಾಗಿ ಕುಳಿತಿದ್ದರೆ ಮಾತ್ರ ಎಚ್ಚರ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗ ತಗುಲಿದ ಬೆಕ್ಕುಗಳು ಹೀಗೆ ಕೂರುವುದುಂಟು. ವಾಂತಿ, ಭೇದಿ, ಜ್ವರ, ಊಟ ಬಿಡುವುದು ಇದರ ಇತರ ಲಕ್ಷಣಗಳು. ಮರಿಗಳಿಗೆ ಇದು ಪ್ರಾಣಾಂತಕ. ನಾಳೆ ನೋಡೋಣ ಎನ್ನದೆ ಅಂದೇ ಪಶುವೈದ್ಯರ ಬಳಿ ಹೋಗಿ. ಇದಕ್ಕೆ ಲಸಿಕೆಯಿದೆ, 6ರಿಂದ 8 ವಾರದಲ್ಲಿ ಆರಂಭಿಸಿ, 16 ವಾರ ತುಂಬುವವರೆಗೆ 2ರಿಂದ 4 ವಾರಕ್ಕೊಮ್ಮೆ ಕೊಡಿಸುತ್ತಾರೆ. ಮನುಷ್ಯರಿಗೆ ಈ ರೋಗ ಹರಡುವುದಿಲ್ಲ. ಇದ್ದಕ್ಕಿದ್ದಂತೆ ಅತಿಯಾಗಿ ನೀರು ಕುಡಿದು, ಅತಿಯಾಗಿ ಮೂತ್ರ ಮಾಡುತ್ತಿದ್ದರೂ ವೈದ್ಯರಿಗೆ ತೋರಿಸಿ.

ಒಟ್ಟಿನಲ್ಲಿ

ನೀರಾಟ ರೋಗವೂ ಅಲ್ಲ, ತುಂಟತನಕ್ಕೆ ಶಿಕ್ಷೆ ಕೊಡುವಂಥ ತಪ್ಪೂ ಅಲ್ಲ. ಬಟ್ಟಲು ಬದಲಿಸಿ, ನೀರು ನಿಲ್ಲಿಸಬೇಡಿ. ‘ನೀರು ಎತ್ತಿಡಿ’ ಎಂಬ ಸಲಹೆ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಬದಲು ಇದನ್ನು ಕಳಿಸಿ.