ಸೈಕ್ಲಿಂಗ್ ತರಬೇತಿ ಹಂತಗಳು
ವರ್ಷದ ಮುಖ್ಯ ಸ್ಪರ್ಧೆಯಿಂದ ಹಿಂದಕ್ಕೆ ಎಣಿಸಿ ಅಭ್ಯಾಸವನ್ನು ಹಂತಗಳಾಗಿ ವಿಂಗಡಿಸುವ ಕ್ರಮ. 1960ರ ದಶಕದಲ್ಲಿ ಸೋವಿಯತ್ ತಜ್ಞ ಲೆವ್ ಮತ್ವೇಯೆವ್ ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ಚಳಿಗಾಲದಲ್ಲಿ ಬುನಾದಿ, ಬೇಸಿಗೆಯಲ್ಲಿ ಸ್ಪರ್ಧೆ ಎಂಬ ಯುರೋಪಿನ ಲೆಕ್ಕ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಹೊಂದದು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಫೆಬ್ರವರಿಯ ಗುರಿಯಿದ್ದವರು ಮಳೆ ತಗ್ಗುವ ಅಕ್ಟೋಬರಿನಲ್ಲಿ ದೀರ್ಘ, ನಿಧಾನ ಸವಾರಿಯಿಂದ ತೊಡಗಿ ಡಿಸೆಂಬರಿನಿಂದ ವೇಗಕ್ಕೆ ಹೊರಳುವುದೇ ಸರಿ. ಮೂರು ವಾರ ಹೊರೆ ಏರಿಸಿ ನಾಲ್ಕನೆಯದರಲ್ಲಿ ಇಳಿಸುವುದು ವಾಡಿಕೆ. ಕೊನೆಯ ಎರಡು ವಾರ ದೂರವನ್ನು ಅರ್ಧದಷ್ಟು ತಗ್ಗಿಸಿದರೂ ತೀವ್ರತೆ ಬಿಡಬಾರದು. ಘಟ್ಟವಿಲ್ಲದ ಭೀಮಾ ಬಯಲಲ್ಲಿ ಈ ಕ್ರಮ ಸಾಗದೆಂಬ ಆಕ್ಷೇಪ ಅರ್ಧಸತ್ಯ: ಏರು ಬೇಡುವ ಶ್ರಮವನ್ನು ಎದುರುಗಾಳಿ ಬಹುಮಟ್ಟಿಗೆ ಮಾಡಿಸುತ್ತದೆ, ಇಳಿಜಾರಿನ ಹಿಡಿತವನ್ನು ಮಾತ್ರ ಕಲಿಸದು. ತೊಗರಿ ರಾಶಿಯ ದಿನಗಳಲ್ಲಿ ವೇಳಾಪಟ್ಟಿ ಮುರಿಯುತ್ತದೆಂಬ ಮಾತು ಹೆಚ್ಚು ಗಟ್ಟಿ. ಹೊಲದ ದುಡಿಮೆಯನ್ನೂ ಹೊರೆಯೆಂದೇ ಎಣಿಸಿ ಆ ವಾರದ ಸವಾರಿ ಕಡಿಮೆ ಮಾಡಬೇಕು.